ನೆರೆ ಬಂದ ಯೆಲ್ಲೋಸ್ಟೋನ್‌ಗೆ ಹೋಗೋದಾ, ಬಿಡೋದಾ?

ಕೌಲ್‌ಬಜಾರ್ ಅಮ್ಮ, ಬಳ್ಳಾರಿ (24 ಜೂನ್ 2022)
ಮಗಳು, ಅಳಿಯ ಸಾಲ್ಟ್ ಲೇಕ್ ಸಿಟಿಯಲ್ಲಿದ್ದಾರೆ. ನಾಳೆ ನಮ್ಮ ವಿಮಾನ. 27, 28ಕ್ಕೆ ಅಮೆರಿಕದ ಯೆಲ್ಲೋಸ್ಟೋನ್ ಪಾರ್ಕ್ ನೋಡೋದು ಅಂತ ಮೊದಲೇ ನಿಕ್ಕಿಯಾಗಿತ್ತು. 13ನೇ ತಾರೀಖಿನ ನೆರೆಯ ವಿಡಿಯೊ ನೋಡಿದ ಮೇಲೆ ನಮ್ಮವರು, "ಕಂಪ್ಲಿ ಸೇತುವೆ ಮುಳುಗೋದನ್ನ ಇಲ್ಲೇ ನೋಡಿದರಾಯ್ತು, ಅಷ್ಟು ದೂರ ಯಾಕೆ" ಅಂತ ಕೂತಿದ್ದಾರೆ. ಅಳಿಯ ಏನೋ ನಂಬರ್ ಪ್ಲೇಟ್ ಲೆಕ್ಕ ಹೇಳಿದರು, ತಲೆಗೆ ಹೋಗಲಿಲ್ಲ. ಅವರ ಕಾರಿನ ನಂಬರ್ ಅಕ್ಷರದಲ್ಲಿ ಮುಗಿಯುತ್ತದೆ, ಅದಕ್ಕೂ ಮುಂಚೆ 4 ಇದೆ. ನನಗೆ ಬಿಸಿನೀರಿನ ಬುಗ್ಗೆ ಕಂಡರೆ ಸಾಕು. ಮೊಣಕಾಲು ನೋವು, ಜಾಸ್ತಿ ನಡೆಯೋಕಾಗಲ್ಲ.

ರಾಯಚೂರಿನವ, ಐಡಹೊ
ಬರ್ರಿ ಅಮ್ಮ. ಹಾಳಾಗಿರೋದು ಉತ್ತರದ ಕಡೆ. ಬೆಟ್ಟದ ಹಿಮ ಕರಗೋ ಹೊತ್ತಿಗೇ ಜೋರು ಮಳೆ ಬಿತ್ತು. ಗಾರ್ಡಿನರ್‌ನಿಂದ ಮ್ಯಾಮತ್‌ಗೆ ಹೋಗುವ ರಸ್ತೆಯನ್ನು ಹೊಳೆ ಅಲ್ಲಲ್ಲಿ ತಿಂದುಹಾಕಿದೆ. ಮ್ಯಾಮತ್, ಲಮಾರ್ ಕಣಿವೆ ಸದ್ಯಕ್ಕೆ ಮರೆತುಬಿಡಿ. ಪಾರ್ಕಿನ ದಕ್ಷಿಣದ ಸುತ್ತುರಸ್ತೆಯನ್ನು 22ಕ್ಕೆ ಜನರಿಗೆ ತೆರೆದರು. ನನ್ನ ಕಾರಿನದು ಸಮಸಂಖ್ಯೆ, ಅವತ್ತೇ ಹೋಗಿಬಂದೆ.

ಲೆಕ್ಕ ಸುಲಭ. ಸಮ ತಾರೀಖಿಗೆ ಸಮಸಂಖ್ಯೆಯ ಕಾರು, ಬೆಸ ತಾರೀಖಿಗೆ ಬೆಸಸಂಖ್ಯೆಯ ಕಾರು. ಪ್ಲೇಟಿನಲ್ಲಿರುವ ಕೊನೆಯ ಅಂಕಿ ನೋಡಬೇಕು, ಅದರ ಮುಂದಿನ ಅಕ್ಷರ ಬಿಡಿ. ನಿಮ್ಮದು 4, ಅಂದರೆ 28ಕ್ಕೆ ಬಿಡ್ತಾರೆ, 27ಕ್ಕೆ ಇಲ್ಲ. ಪಾರ್ಕಿನೊಳಗೇ ರಾತ್ರಿ ರೂಮು ಬುಕ್ ಆಗಿದ್ದರೆ ಈ ನಿಯಮ ಇಲ್ಲ.

ಓಲ್ಡ್ ಫೇತ್‌ಫುಲ್ ಬುಗ್ಗೆಯ ಸುತ್ತ ಬೆಂಚುಗಳಿವೆ. ಮುಂದಿನ ಸಲ ಯಾವಾಗ ಚಿಮ್ಮಬಹುದು ಅಂತ ಬರೆದಿರ್ತಾರೆ, ಸುಮಾರು ಒಂದೂವರೆ ಗಂಟೆಗೊಮ್ಮೆ. ಮೊದಲು ಒಂಚೂರು ಉಗುಳಿ ಸುಮ್ಮನಾಗುತ್ತದೆ. ಜನ ಇಷ್ಟೇನಾ ಅಂತ ಫೋನ್ ಕೆಳಗಿಳಿಸ್ತಾರೆ. ಆಮೇಲೆ ನೂರಡಿ ದಾಟಿ ಏಳುತ್ತದೆ ನೋಡಿ! ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಅನ್ನೋ ಬಣ್ಣಬಣ್ಣದ ಬಿಸಿನೀರಿನ ಕೊಳದ ಪಕ್ಕ ಹಲಗೆಯ ದಾರಿ ಇದೆ, ನಿಧಾನಕ್ಕೆ ಹೋಗಬಹುದು. ಗಾಳಿ ನಿಮ್ಮ ಕಡೆ ತಿರುಗಿದರೆ ಕನ್ನಡಕದ ತುಂಬ ಹಬೆ, ಮೂಗಿಗೆ ಗಂಧಕದ ವಾಸನೆ.

ಕೊಪ್ಪಳದ ಹುಡುಗಿ
ಹೇಡನ್ ಕಣಿವೆಯೂ ಈ ಸುತ್ತಿನಲ್ಲೇ ಬರುತ್ತದೆ ಆಂಟಿ. ಅಲ್ಲಿ ಕಾಡುಕೋಣದಂಥ ಬೈಸನ್ ರಸ್ತೆ ಮೇಲೇ ನಿಂತಿರ್ತವೆ. ಅಂಕಲ್‌ಗೆ ಕಾರಿಂದ ಇಳಿಯೋಕೆ ಬಿಡಬೇಡಿ, 75 ಅಡಿ ದೂರ ಇರಲೇಬೇಕು. ಜೂನ್ ಅಂತ ನಂಬಿ ಬರಬೇಡಿ, ರಾತ್ರಿ ಚಳಿ ಕೊರೆಯುತ್ತದೆ.

ಕೌಲ್‌ಬಜಾರ್ ಅಮ್ಮ
ಹಂಗಾದ್ರೆ 27ರ ರಾತ್ರಿ ವೆಸ್ಟ್ ಯೆಲ್ಲೋಸ್ಟೋನ್ ಊರಲ್ಲೇ ಉಳಿದು ಬೆಳಿಗ್ಗೆ ಒಳಗೆ ಹೋಗ್ತೀವಿ. ನಮ್ಮವರ ಸ್ವೆಟರ್ ಬ್ಯಾಗಿಗೆ ತುರುಕಿದ್ದಾಯ್ತು, ಇನ್ನು ಬರಲ್ಲ ಅನ್ನೋ ಹಾಗಿಲ್ಲ.