ತೋಟದಲ್ಲಿ ನಡೆಯುವಾಗಲೂ ಉಸಿರನ್ನೇ ಗಮನಿಸಬೇಕಾ?

ಸಿದ್ದಾಪುರದ ಬೆಳೆಗಾರ:
ನಮ್ಮದು ಸಣ್ಣ ರೋಬಸ್ಟಾ ಕಾಫಿ ತೋಟ. ಬೆಳಿಗ್ಗೆ ಕೂತು ಉಸಿರು ಗಮನಿಸುವ ಅಭ್ಯಾಸ ಇದೆ. ಅಷ್ಟು ಹೊತ್ತು ಮನಸ್ಸು ಚೆನ್ನಾಗಿರುತ್ತದೆ. ತೊಂದರೆ ಆಮೇಲೆ. ಈಗ ಕೊಯ್ಲು. ಸಂಜೆ ಕಣದಲ್ಲಿ ಮೂಟೆ ತೂಗುವಾಗ ಹಸಿರು ಕಾಯಿ, ಎಲೆ ಜಾಸ್ತಿ ಕಂಡರೆ ಕಿರುಚಾಡುತ್ತೇನೆ. ಇನ್ನೊಂದು, ತೋಟ ಸುತ್ತುವಾಗಲೂ ಉಸಿರನ್ನೇ ನೋಡಬೇಕಾ? ನಮ್ಮ ಕಡೆ ಆನೆ ಕಾಟ ಗೊತ್ತಲ್ಲ, ಗಿಡದ ಹಿಂದೆ ನಿಂತಿದ್ದರೂ ಕಾಣಲಿಕ್ಕಿಲ್ಲ! ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ಹೋಗಿ ಲಾಮಾಗಳನ್ನು ಕೇಳಿದರೆ ಪ್ರಯೋಜನ ಇದೆಯಾ?

ಕುಶಾಲನಗರದ ಅಕ್ಕ:
ಅಣ್ಣ, ಆನೆ ಇರುವ ಕಡೆ ಉಸಿರನ್ನು ಮರೆತುಬಿಡಿ, ಕಿವಿ ತೆರೆದಿಡಿ. ಅದೂ ಅಭ್ಯಾಸವೇ. ಎಚ್ಚರದ ಅಭ್ಯಾಸದ ಬಗ್ಗೆ ಬುದ್ಧನ ಉಪದೇಶ ಸತಿಪಟ್ಠಾನ ಸುತ್ತದಲ್ಲಿ (ಪಾಲಿ ಭಾಷೆಯ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದ 10ನೆಯದು) ಉಸಿರು ಬರೀ ಶುರು. ನಡೆಯುವುದು, ಕೈ ಮಡಚುವುದು, ಚಾಚುವುದು, ಉಣ್ಣುವುದು, ಮಾತಾಡುವುದು, ಸುಮ್ಮನಿರುವುದು, ಕೊನೆಗೆ ಮಲಮೂತ್ರಕ್ಕೆ ಹೋಗುವುದನ್ನೂ ತಿಳಿದು ಮಾಡು ಅಂತ ಅಲ್ಲೇ ಇದೆ.

ಗಮನಿಸಬೇಕಾದ್ದು ನಾಲ್ಕು ಅಂತ ಅದರಲ್ಲಿದೆ. ಇದೆಲ್ಲ ಮೊದಲನೆಯದು, ದೇಹದ್ದು. ಎರಡನೆಯದು ವೇದನೆ, ಅಂದರೆ ಇಲ್ಲಿ ಬರೀ ನೋವಲ್ಲ, ಅನುಭವದ ರುಚಿ: ಹಿತ, ಅಹಿತ, ಎರಡೂ ಅಲ್ಲದ್ದು. ಆಮೇಲೆ ಚಿತ್ತ (ಮನಸ್ಸಿನ ಸ್ಥಿತಿ), ಧಮ್ಮ (ಬುದ್ಧ ಹೇಳಿದ ವಿಷಯಗಳು). ನಿಮ್ಮ ಕಣದ ಜಗಳ ಶುರುವಾಗುವುದು ಎರಡನೆಯದರಲ್ಲಿ. ಎಲೆ ಕಂಡ ಕೂಡಲೇ ಒಂದು ಕಿರಿಕಿರಿ ಹುಟ್ಟುತ್ತದೆ. ಬೈಗುಳ ಅದರ ಹಿಂದೆ ಬರುತ್ತದೆ. ನಡುವಿನ ಸಂದು ತುಂಬಾ ಸಣ್ಣದು, ಸಿಟ್ಟು ನೆತ್ತಿಗೇರಿದ ಮೇಲೆ ಹುಡುಕಿದರೆ ಸಿಗುವುದಿಲ್ಲ. ಅದಕ್ಕೇ ಸಣ್ಣದರಲ್ಲಿ ಕಲಿಯಿರಿ. ಕೊಯ್ಯುವಾಗ ಇರುವೆ ಕಚ್ಚುತ್ತದೆ ಅಲ್ವಾ? ಕೈ ಕೊಡವುವ ಮೊದಲು ಉರಿಯನ್ನು ಒಂದು ಕ್ಷಣ ನೋಡಿ. ಮಳೆಗಾಲದಲ್ಲಾದರೆ ಜಿಗಣೆ ಇದ್ದೇ ಇದೆ.

ಬೈಲುಕುಪ್ಪೆಗೆ ಹೋಗಿ ಬನ್ನಿ, ಒಳ್ಳೆಯದೇ. ಆದರೆ ಗೋಲ್ಡನ್ ಟೆಂಪಲ್ ಇರುವ, 1963ರಲ್ಲಿ ಶುರುವಾದ ಆ ನಾಮ್ಡ್ರೋಲಿಂಗ್ ಮಠ ಟಿಬೆಟಿನ ನಿಂಗ್ಮಾ ಪರಂಪರೆಯದು. ಮಂತ್ರ, ಪೂಜೆ, ದೇವತೆಗಳ ಧ್ಯಾನಕ್ಕೆ ಅಲ್ಲಿ ದೊಡ್ಡ ಜಾಗ. ನೀವು ಮಾಡುತ್ತಿರುವುದು ಶ್ರೀಲಂಕಾ, ಬರ್ಮಾ ಕಡೆಯ ಪಾಲಿ ಸಂಪ್ರದಾಯಕ್ಕೆ ಹತ್ತಿರ.

ತೋಟದ ಕೂಲಿಯವರ ಲೈನ್ ಮನೆಯಲ್ಲಿ ಬೆಳೆದವಳು:
ಸರ್, ನಮ್ಮಮ್ಮ ಹಣ್ಣು ಕೊಯ್ದೇ ನಮ್ಮನ್ನು ಓದಿಸಿದ್ದು. ಹಾಗಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬುದ್ಧ ಹೇಳಿದ ಎಂಟು ಅಂಗಗಳ ದಾರಿಯಲ್ಲಿ ಸಮ್ಮಾ ಸತಿ, ಅಂದರೆ ಸರಿಯಾದ ಎಚ್ಚರ, ಏಳನೆಯದು. ಸರಿಯಾದ ಮಾತು ಮೂರನೆಯದು, ಸರಿಯಾದ ಜೀವನೋಪಾಯ ಐದನೆಯದು. ಕೊಯ್ಯುವವರಿಗೆ ಕೂಲಿ ಕೆಜಿ ಲೆಕ್ಕದಲ್ಲಿ. ಎಲೆ, ಕಡ್ಡಿಗೆ ಅಂತ ಮೂಟೆಯಿಂದ ತೂಕ ಕಳೆಯುತ್ತೀರಲ್ಲ, ಕಸವನ್ನು ಅವರ ಎದುರೇ ತೂಗಿ ಕಳೆಯುತ್ತೀರಾ, ಅಂದಾಜಿಗಾ? ಅಂದಾಜಿಗಾದರೆ, ಕಿರುಚದೆ ತಣ್ಣಗೆ ಕಳೆದರೂ ನಮ್ಮಮ್ಮನಿಗೆ ನಷ್ಟ ಅಷ್ಟೇ.

ಸಿದ್ದಾಪುರದ ಬೆಳೆಗಾರ:
ತಂಗಿ, ಪ್ರತಿ ಮೂಟೆ ಸುರಿದು ಆರಿಸುತ್ತಾ ಕೂತರೆ ಕತ್ತಲಾಗುತ್ತದೆ. ಕತ್ತಲಲ್ಲಿ ಅವರು ಮನೆಗೆ ನಡೆಯಬೇಕು, ದಾರಿಯಲ್ಲಿ ಆನೆ. ಆದರೂ ನಿನ್ನ ಮಾತಲ್ಲಿ ನ್ಯಾಯ ಇದೆ. ನಾಲ್ಕು ಗಂಟೆಗೇ ಕೊಯ್ಲು ನಿಲ್ಲಿಸಿ, ಅವರೇ ಕಸ ತೆಗೆದು ತೂಗಿಸಲಿ ಅಂತ ಮೇಸ್ತ್ರಿಗೆ ಹೇಳುತ್ತೇನೆ. ಅಕ್ಕ, ಕಿರಿಕಿರಿ ಬಂದಾಗ ಮನಸ್ಸಿನಲ್ಲಿ ‘ಸಿಟ್ಟು, ಸಿಟ್ಟು’ ಅಂತ ಹೇಳಿಕೊಳ್ಳಬೇಕಾ?

ಕುಶಾಲನಗರದ ಅಕ್ಕ:
ಅದು ಬರ್ಮಾದ ಧ್ಯಾನ ಗುರು ಮಹಾಸಿ ಸಯಾಡೋ ಕಲಿಸಿದ ರೀತಿ. ಹಿಡಿಸಿದರೆ ಮಾಡಿ, ಕಡ್ಡಾಯ ಏನಿಲ್ಲ. ಜೋರಾಗಿ ಮಾತ್ರ ಹೇಳಬೇಡಿ ಅಣ್ಣ, ಮೇಸ್ತ್ರಿ ಕೆಲಸ ಬಿಟ್ಟು ಹೋದಾನು.