6 ಅಡಿ 3 ಇಂಚು ಎತ್ತರಕ್ಕೆ ಹಿಮಾಲಯನ್ 411 ಸರಿಯಾ, 390 ಅಡ್ವೆಂಚರ್ ಸರಿಯಾ?

ಪ್ರಶ್ನೆ: ತುಮಕೂರಿನಲ್ಲಿ ಎರಡು ಸೆಕೆಂಡ್ ಹ್ಯಾಂಡ್ ಬೈಕ್ ನೋಡಿದ್ದೇನೆ. 2019ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2021ರ ಕೆಟಿಎಂ 390 ಅಡ್ವೆಂಚರ್. ಈಗಿನ 150 ಸಿಸಿ ಬೈಕಿನಲ್ಲಿ ತಿರುಗಿಸುವಾಗ ಹ್ಯಾಂಡಲ್ ಮಂಡಿಗೆ ತಾಗುತ್ತದೆ, ಬೆಂಗಳೂರಿಗೆ ಹೋಗಿ ಬಂದರೆ ಸೊಂಟ ಹಿಡಿದುಕೊಳ್ಳುತ್ತದೆ. ಯಾವುದು ತಗೊಳ್ಳಲಿ?

ಉತ್ತರ 1: ಹಿಮಾಲಯನ್ ಸೀಟು 800 ಮಿ.ಮೀ., ಕೆಟಿಎಂದು 855. ಎರಡರಲ್ಲೂ ನಿಮ್ಮ ಕಾಲು ಆರಾಮಾಗಿ ನೆಲಕ್ಕೆ ಎಟುಕುತ್ತದೆ, ಆದರೆ ಎತ್ತರದವರಿಗೆ ತೊಂದರೆ ಅಲ್ಲಿಲ್ಲ. ಸೀಟಿಗೂ ಫುಟ್‌ರೆಸ್ಟಿಗೂ ಎಷ್ಟು ಅಂತರ ಇದೆ ಅನ್ನುವುದೇ ಮುಖ್ಯ, ಅದು ಕಮ್ಮಿಯಾದರೆ ಮಂಡಿ ಮಡಚಿ ಮಡಚಿ ನೋವು ಬರುತ್ತದೆ. ಶೂ ಹಾಕಿಕೊಂಡು ಹತ್ತು ನಿಮಿಷ ಸುಮ್ನೆ ಕೂತು ನೋಡಿ. ಆಮೇಲೆ ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ನೋಡಿ. ಬೆನ್ನು ಬಾಗಿದರೆ ಹ್ಯಾಂಡಲ್ ರೈಸರ್ (ಹ್ಯಾಂಡಲ್ ಎತ್ತರಿಸುವ ತುಂಡು) ಹಾಕಿಸಬಹುದು.

ಉತ್ತರ 2: ನನ್ನ ಹತ್ತಿರ ಹಿಮಾಲಯನ್ ಇದೆ. ದೇವರಾಯನದುರ್ಗದ ತಿರುವುಗಳಲ್ಲಿ ನೆಮ್ಮದಿ. ಆದರೆ 24 ಎಚ್‌ಪಿ ಅಷ್ಟೇ, ಹೈವೇಯಲ್ಲಿ 100 ದಾಟಿದರೆ ಎಂಜಿನ್ ಕಷ್ಟಪಡುತ್ತದೆ. ಕೆಟಿಎಂಗೆ 43 ಎಚ್‌ಪಿ, ಓವರ್‌ಟೇಕ್ ಸಲೀಸು, ಖರ್ಚು ಮಾತ್ರ ಜಾಸ್ತಿ. ನೀವು ವಾರವಾರ ಬೆಂಗಳೂರಿಗೆ ಹೋಗುವುದಾದರೆ ನನ್ನ ಓಟು ಕೆಟಿಎಂಗೆ.

ಉತ್ತರ 3: ಕೆಟಿಎಂ ಆದರೆ ಅಲಾಯ್ ಚಕ್ರ ತಿರುಗಿಸಿ ನೋಡಿ, ಗುಂಡಿಗೆ ಬಿದ್ದು ಬೆಂಡ್ ಆಗಿರಬಹುದು. ಹಿಮಾಲಯನ್ ಆದರೆ ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ತಿರುಗಿಸಿ, ನಡುವೆ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಬೇರಿಂಗ್ ಹೋಗಿದೆ. ಆರ್‌ಸಿಯಲ್ಲಿ ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಅರ್ಜಿ) ಕೈಗೆ ಸಿಗುವ ತನಕ ಪೂರ್ತಿ ದುಡ್ಡು ಕೊಡಬೇಡಿ.

ಪ್ರಶ್ನೆ ಕೇಳಿದವರು: ಧನ್ಯವಾದ. ಭಾನುವಾರ ಶೂ ಹಾಕಿಕೊಂಡೇ ಹೋಗುತ್ತೇನೆ, ಮೊದಲು ಕೆಟಿಎಂ ನೋಡುತ್ತೇನೆ.