ಬಿಳಿ ಇಂಕ್ ಟ್ಯಾಟೂ: ಹಾಕಿಸಿಕೊಂಡವರು ಸ್ವಲ್ಪ ಹೇಳಿ

ಅಜ್ಜಿಯ_ಮೊಮ್ಮಗಳು: ನಮ್ಮಜ್ಜಿಯ ಮುಂಗೈ ಮೇಲೆ ತುಳಸಿಕಟ್ಟೆ ಹಚ್ಚೆ ಇತ್ತು. ಅದನ್ನೇ ಬಿಳಿ ಇಂಕಿನಲ್ಲಿ ಮಣಿಕಟ್ಟಿಗೆ ಹಾಕಿಸಿಕೊಳ್ಳುವ ಆಸೆ. ಆಫೀಸಿನಲ್ಲಿ ಎದ್ದು ಕಾಣಬಾರದು. ನನ್ನದು ಗೋಧಿ ಬಣ್ಣ. ಎರಡು ತಿಂಗಳಲ್ಲಿ ಅಕ್ಕನ ಮದುವೆ, ಅಷ್ಟರಲ್ಲಿ ಮಾಯುತ್ತದಾ?

ರಾಗಿಮುದ್ದೆ87: ನನ್ನ ಕಥೆ ಕೇಳಿ. 2021ರ ಫೆಬ್ರವರಿ. ತೋಳಿನ ಮೇಲೆ ಮಲ್ಲಿಗೆ ಬಳ್ಳಿ, 4,500 ರೂಪಾಯಿ. ಮೊದಲ ವಾರ ರಂಗೋಲಿ ಎಳೆದ ಹಾಗೆ ಬೆಳ್ಳಗಿತ್ತು. ಸಿಪ್ಪೆ ಉದುರಿ ಎರಡು ತಿಂಗಳಾಗುವಷ್ಟರಲ್ಲಿ ಹಳೇ ಬನಿಯನ್ ಬಣ್ಣ. ಇಂಕ್ ಕೂರುವುದು ಚರ್ಮದ ಒಳಪದರದಲ್ಲಿ, ನಾವು ನೋಡುವುದು ಮೇಲಿನ ಕಂದು ಪದರದ ಮೂಲಕ ಅಲ್ವಾ? ಅದನ್ನು ಯಾರೂ ಮೊದಲೇ ಹೇಳಲಿಲ್ಲ. ಸಾಲದ್ದಕ್ಕೆ ಸ್ಟೆನ್ಸಿಲ್‌ನ ನೇರಳೆ ಬಣ್ಣ ಒರೆಸದೆ ಅದರ ಮೇಲೇ ಸೂಜಿ ಓಡಿಸಿದ್ದಾನೆ ಪುಣ್ಯಾತ್ಮ. ಎರಡು ಎಲೆ ಇವತ್ತಿಗೂ ಮಂಕು ನೇರಳೆ. ಟಚ್‌ಅಪ್ ಎರಡು ಸಲ, 1,500ರಂತೆ 3,000. ಅದಕ್ಕೆ ವಿಜಯನಗರದಿಂದ ಜಯನಗರಕ್ಕೆ ಹೋಗಿ ಬಂದ ಆಟೋ 480. ಒಟ್ಟು 7,980. ಮೊನ್ನೆ ಗೃಹಪ್ರವೇಶದಲ್ಲಿ ಒಬ್ಬ ಆಂಟಿ "ಒಗ್ಗರಣೆ ಸಿಡೀತೇನಮ್ಮಾ?" ಅಂದರು.

ಬಿಳಿ_ನವಿಲು: ನನ್ನದು ಆರು ವರ್ಷ ಆಯಿತು, ಈಗಲೂ ಚೆನ್ನಾಗಿದೆ. ಮೊದಲ ಆರು ತಿಂಗಳು ತುಂಬು ತೋಳು ಬಿಟ್ಟು ಬೇರೇನೂ ಹಾಕಲಿಲ್ಲ. ಮಾಯ್ದ ಮೇಲೂ ಸನ್‌ಸ್ಕ್ರೀನ್ ಹಚ್ಚದೆ ಹಾಲು ತರುವುದಕ್ಕೂ ಹೋಗಿಲ್ಲ. ಸ್ಲೀವ್‌ಲೆಸ್ ಹಾಕಿಕೊಂಡು ಬಿಸಿಲಲ್ಲಿ ಸ್ಕೂಟಿ ಓಡಿಸಿ, ಇಂಕನ್ನು ಬೈದರೆ ಹೇಗೆ?

ರಾಗಿಮುದ್ದೆ87: ನನ್ನ ಹತ್ತಿರ ಸ್ಕೂಟಿಯೇ ಇಲ್ಲ ಮೇಡಂ, ಆಟೋ ಲೆಕ್ಕ ಕೊಟ್ಟಿದ್ದೇನಲ್ಲ. ನಿಮ್ಮ ಚರ್ಮದ ಬಣ್ಣ ಯಾವುದು, ಅದನ್ನು ಹೇಳಿ.

ಬಿಳಿ_ನವಿಲು: ಇಲ್ಲಿ ಬಣ್ಣದ ಮಾತು ಬೇಡ.

ರಾಗಿಮುದ್ದೆ87: ಟ್ಯಾಟೂ ವಿಷಯದಲ್ಲಿ ಬಣ್ಣದ ಮಾತು ಬೇಡವಂತೆ!

ದಾವಣಗೆರೆ_ಬೆಣ್ಣೆ: ಇಬ್ಬರೂ ಸುಮ್ನಿರಿ. ನಾನು ತೆಗೆಸಲು ಹೋಗಿ ಕೆಟ್ಟವನು. ಬಿಳಿ ಇಂಕಿನಲ್ಲಿ ಸಾಮಾನ್ಯವಾಗಿ ಟೈಟಾನಿಯಂ ಡೈಆಕ್ಸೈಡ್ ಇರುತ್ತದೆ. ಲೇಸರ್ ಬಿದ್ದರೆ ಅದು ಬೂದು ಅಥವಾ ಕಪ್ಪು ಆಗಬಹುದು. ಡಾಕ್ಟರ್ ಮೊದಲು ಒಂದು ಚುಕ್ಕೆಯಷ್ಟು ಜಾಗದಲ್ಲಿ ನೋಡೋಣ ಅಂದರು. 800 ರೂಪಾಯಿ ಉಳಿಯಲಿ ಅಂತ ನಾನೇ ಬೇಡ ಅಂದೆ. ಪಟ್ ಪಟ್ ಅಂತ ಶಬ್ದ, ಕಣ್ಣೆದುರೇ ಓಂ ಕಪ್ಪಗಾಯಿತು. ಆ ಕಪ್ಪು ತೆಗೆಯಲು ನಾಲ್ಕು ಸಿಟ್ಟಿಂಗ್, 6,000ದಂತೆ 24,000. ಇನ್ನೂ ಪೂರ್ತಿ ಹೋಗಿಲ್ಲ. ಯಾರಿಗೂ ಕಾಣಬಾರದು ಅಂತ ಹಾಕಿಸಿದ್ದು ಈಗ ಬಸ್‌ಸ್ಟ್ಯಾಂಡಿನ ಆ ತುದಿಯಿಂದ ಕಾಣುತ್ತದೆ.

ಹುಬ್ಬಳ್ಳಿ_ಮಂದಿ: ಸುಮ್ನೆ ಹೆದರಿಸಬೇಡ್ರಿ. ನನ್ನ ತಮ್ಮನದು ಲೇಸರ್‌ನಲ್ಲಿ ಸಲೀಸಾಗಿ ಹೋಯಿತು.

ದಾವಣಗೆರೆ_ಬೆಣ್ಣೆ: ಅದು ಕಪ್ಪು ಇಂಕ್ ಇರಬೇಕು.

ಹುಬ್ಬಳ್ಳಿ_ಮಂದಿ: ಹೌದು, ಕಪ್ಪು. ಅದಕ್ಕೇನೀಗ?

ಮಂಡ್ಯದ_ಬೆಲ್ಲ: ಕಿವಿ ಚುಚ್ಚಿಸಿದಾಗಲೇ ನನಗೆ ಗಂಟು ಕಟ್ಟಿತ್ತು. ಆಗಲೇ ಬುದ್ಧಿ ಬರಬೇಕಿತ್ತು. ಈಗ ಟ್ಯಾಟೂವಿನ ಒಂದೊಂದು ಗೆರೆಯೂ ಸುತಳಿ ಅಂಟಿಸಿದ ಹಾಗೆ ಉಬ್ಬಿದೆ, ರಾತ್ರಿ ಹೊತ್ತು ತುರಿಕೆ. ತಿಂಗಳಿಗೊಂದು ಸ್ಟೀರಾಯ್ಡ್ ಇಂಜೆಕ್ಷನ್, ಸಲಕ್ಕೆ 900, ಐದು ಮುಗಿದಿದೆ. ಹಿಂದಿನ ಕೊರವಂಜಿಯರೇ ವಾಸಿ. ನಮ್ಮಜ್ಜಿಗೆ ಒಂದು ಮೊರ ರಾಗಿ ಈಸಿಕೊಂಡು ಹಾಕಿದ್ದು, ಸಾಯುವವರೆಗೂ ಇತ್ತು.

ಬಿಳಿ_ನವಿಲು: ಅದೇ ಸೂಜಿಯಲ್ಲಿ ಊರಿಗೆಲ್ಲ ಚುಚ್ಚುತ್ತಿದ್ದರು, ಅದನ್ನೂ ಹೇಳಿ. ಈಗ ಟ್ಯಾಟೂ ಆದವರಿಂದ ಒಂದು ವರ್ಷ ರಕ್ತ ತಗೊಳ್ಳದೆ ಇರುವುದು ಸುಮ್ನೆ ಅಲ್ಲ. ಅಂದಹಾಗೆ ಆ 7,980ರ ಲೆಕ್ಕ ನಾನು ನಂಬಲ್ಲ. ವಿಜಯನಗರದಿಂದ ಜಯನಗರಕ್ಕೆ 120ಕ್ಕೆ ಯಾವ ಆಟೋ ಬರುತ್ತದೆ?

ರಾಗಿಮುದ್ದೆ87: ಮೀಟರ್ ಹಾಕಿದ್ದ. ಆಗ ಮಿನಿಮಮ್ 25, ಆಮೇಲೆ ಕಿಲೋಮೀಟರಿಗೆ 13. ಲೆಕ್ಕ ಹಾಕಿ ನೋಡಿ.

ಹುಬ್ಬಳ್ಳಿ_ಮಂದಿ: ಬೆಂಗಳೂರಿನ ಆಟೋದವನು ಮೀಟರ್ ಹಾಕಿದ್ದನಾ? ನಾಲ್ಕೂ ಸಲ?